ಪಾದ ಕಂಡಿತು, ಮನಸ್ಸು ಕಾಣಲಿಲ್ಲ

ಕೊಡವ ಕೌಟುಂಬಿಕ ಹಾಕಿಯಲ್ಲಿ ಹಲವು ವರ್ಷ ಅಂಪೈರ್ ಆಗಿದ್ದವನು ನಾನು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಈ ಪಂದ್ಯಾವಳಿಯಲ್ಲಿ ಒಕ್ಕಕ್ಕೊಂದು, ಅಂದರೆ ಮನೆತನಕ್ಕೊಂದು ತಂಡ. ಆಡುವವನ ಅಜ್ಜಿ, ಚಿಕ್ಕಪ್ಪಂದಿರೆಲ್ಲ ಮೈದಾನದ ಅಂಚಿನಲ್ಲೇ ಕೂತಿರುತ್ತಾರೆ. ಅವರೆಲ್ಲರ ಕಣ್ಣೆದುರು ಒಬ್ಬ ಹುಡುಗನಿಗೆ ನಾನು ಕೊಟ್ಟ ಶಿಕ್ಷೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಗೋಲ್‌ಕೀಪರ್ ಬಿದ್ದಿದ್ದ. ಗೋಲ್ ಗೆರೆಯತ್ತ ಹೊರಟಿದ್ದ ಚೆಂಡು, ಹಿಂದಕ್ಕೆ ಓಡಿಬಂದ ಹುಡುಗನ ಪಾದಕ್ಕೆ ತಗುಲಿ ನಿಂತಿತು. ಪಾದ ತಗುಲಿದ್ದು ಫೌಲ್; ಪೆನಾಲ್ಟಿ ಸ್ಟ್ರೋಕ್ ಕೊಟ್ಟೆ. ಅದೇ ಬಿರುಸಿನಲ್ಲಿ ಹಳದಿ ಕಾರ್ಡನ್ನೂ ಎತ್ತಿದೆ. “ಬೇಕಂತ ಮಾಡಿಲ್ಲ ಸರ್” ಎಂದಷ್ಟೇ ಹೇಳಿ ಹೊರನಡೆದ.

ಗೋಲಿನ ಮುಂದಿನ ‘ಡಿ’ ಒಳಗೆ ರಕ್ಷಣೆಯವರು ಅರಿಯದೆ ಮಾಡಿದ ಫೌಲಿಗೆ ಸಾಮಾನ್ಯವಾಗಿ ಪೆನಾಲ್ಟಿ ಕಾರ್ನರ್. ಎದುರಾಳಿಯ ಆಟವನ್ನು ಬೇಕೆಂದೇ ಕೆಡಿಸಿದರೆ ಸ್ಟ್ರೋಕ್: 6.40 ಮೀಟರ್ ದೂರದ ಚುಕ್ಕೆಯಲ್ಲಿ ಚೆಂಡು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಬಹುತೇಕ ಆಗಲಿದ್ದ ಗೋಲನ್ನು ತಪ್ಪಿಸಿದ ಫೌಲಿಗೂ ಸ್ಟ್ರೋಕೇ. ಅಲ್ಲಿ ನಿಯಮವು ಮನಸ್ಸಿನೊಳಗೆ ಇಣುಕುವುದಿಲ್ಲ.

ಸಂಕಲ್ಪವೇ ಕರ್ಮ ಎಂದ ಬುದ್ಧ. ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಚ್ಚರಗೇಡಿತನದಲ್ಲಿ ಕಂಡಿತು ಜೈನರ ತತ್ತ್ವಾರ್ಥಸೂತ್ರ. ಈ ಎರಡು ತಕ್ಕಡಿಗಳಲ್ಲೂ ಆ ಪಾದವನ್ನು ಇಟ್ಟು ನೋಡಿದ್ದೇನೆ. ಹುಡುಗನಲ್ಲಿ ಕೆಟ್ಟ ಸಂಕಲ್ಪವಿರಲಿಲ್ಲ. ಮೈಮರೆವೂ ಇರಲಿಲ್ಲ, ಉಸಿರುಗಟ್ಟಿ ಓಡಿ ಬಂದಿದ್ದ. ಆದರೂ ಎದುರು ತಂಡದ ಗೋಲು ಹೋದದ್ದು ಹೋದದ್ದೇ. ಅದನ್ನು ಯಾರಾದರೂ ತುಂಬಿಕೊಡಬೇಕಲ್ಲ? ಪಾಪವಿಲ್ಲದೆಯೂ ಋಣ ಬೀಳುತ್ತದೆ ಎಂಬುದು ನನಗೆ ಅರ್ಥವಾದದ್ದು ಹೀಗೆ. ಸ್ಟ್ರೋಕ್ ಆ ಋಣದ ತೀರುವಳಿ, ಅಷ್ಟೇ.

ಕಾರ್ಡು ಹಾಗಲ್ಲ. ಅದನ್ನು ಎತ್ತುವುದು ಆಡುವವನ ಮುಖಕ್ಕೆ. ಐದು ನಿಮಿಷ ಅವನು ತನ್ನವರ ಮುಂದೆ ತಪ್ಪಿತಸ್ಥನಾಗಿ ಕೂರಬೇಕು. ಎದೆಯೊಳಗಿನದು ದೇವರು ಇಗ್ಗುತ್ತಪ್ಪನಿಗೆ ಗೊತ್ತು. ನನಗೆ ಕಂಡದ್ದು ಪಾದ ಮಾತ್ರ. ಕಾಣದ ಮನಸ್ಸಿಗೆ ಅಂದು ನಾನು ತೀರ್ಪು ಕೊಟ್ಟಿದ್ದೆ.

ಪಂದ್ಯ ಮುಗಿದ ಮೇಲೆ ಅವನ ಅಜ್ಜಿ ಕೂತಲ್ಲಿಗೇ ಹೋದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: “ಸ್ಟ್ರೋಕ್ ಸರಿ ಮಗ. ಕಾರ್ಡು ನನ್ನ ತಪ್ಪು.” ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಅವನ ಬೆನ್ನ ಮೇಲೆ ಕೈಯಿಟ್ಟಾಗ ನನ್ನ ಕೈ ನಡುಗುತ್ತಿತ್ತು.