ಕೊರಳಿನ ಋಣ

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುವ ಹುಚ್ಚು ನನ್ನ ಮಿತ್ರರೊಬ್ಬರಿಗಿದೆ. ಅವರ ಮನೆಗೆ ಹೋದವರು ಕಾಫಿಯ ಜೊತೆಗೆ ಒಂದೆರಡು ಹಾಡುಗಳನ್ನೂ ಸೇವಿಸಿಯೇ ಹೊರಡಬೇಕು. ಕಳೆದ ತಿಂಗಳು ನನ್ನ ಪಾಲಿಗೆ ಬಂದದ್ದು ಜರ್ಮನ್ ಭಾಷೆಯ ಒಂದು ಹಾಡು. ಭಾಷೆ ನನಗೆ ತಿಳಿಯದು. ಆದರೆ ಆ ಕೊರಳು! ಕೊಂಬೆಯಿಂದ ಕೊಂಬೆಗೆ ಏರುತ್ತಿದ್ದ ಹಕ್ಕಿ, ಇನ್ನು ಮೇಲೆ ಕೊಂಬೆಯಿಲ್ಲವೆಂದು ನಾವು ಅಂದುಕೊಳ್ಳುವಷ್ಟರಲ್ಲಿ ಇನ್ನೂ ಒಂದನ್ನು ಕಂಡುಕೊಂಡ ಹಾಗಿತ್ತು. ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ಹಾಡು ಮುಗಿಯಿತು. ಮಿತ್ರರು ತಟ್ಟೆಯನ್ನು ಲಕೋಟೆಗೆ ಸೇರಿಸುತ್ತ, "ಬರ್ಲಿನ್ನಿನದು, 1938" ಎಂದರು.

ಒಂದು ಊರು, ಒಂದು ಇಸವಿ, ಅಷ್ಟೇ. ಆದರೂ ಕೇಳಿದ ಹಾಡಿನ ರುಚಿ ಬಾಯಲ್ಲೇ ಕೆಟ್ಟಿತು. ಅದೇ ವರ್ಷದ ನವೆಂಬರಿನಲ್ಲಲ್ಲವೆ ಜರ್ಮನಿಯ ಉದ್ದಗಲಕ್ಕೂ ಯೆಹೂದ್ಯರ ಪ್ರಾರ್ಥನಾಮಂದಿರಗಳು ಹೊತ್ತಿ ಉರಿದದ್ದು?

ಹಾಡಿದಾಕೆ ಜರ್ಮನಿಯವಳೇ ಅಲ್ಲ. ರೊಸಿತಾ ಸೆರಾನೊ ಎಂಬುದು ರಂಗದ ಮೇಲಿನ ಹೆಸರು. ಚಿಲಿ ದೇಶದಲ್ಲಿ 1914ರಲ್ಲಿ ಹುಟ್ಟಿದ ಆಕೆಗೆ ತಾಯಿತಂದೆ ಇಟ್ಟ ಹೆಸರು ನಮ್ಮ ಊರಿನ ವಿಳಾಸಗಳಷ್ಟು ಉದ್ದವಾದದ್ದು: ಮರಿಯಾ ಮಾರ್ತಾ ಎಸ್ತೇರ್ ಅಲ್ದುನಾತೆ ದೆಲ್ ಕಾಂಪೊ. ತಾಯಿ ಸೋಫಿಯಾ ದೆಲ್ ಕಾಂಪೊ ಹೆಸರಾಂತ ಆಪೆರಾ ಗಾಯಕಿ. 1930ರ ದಶಕದಲ್ಲಿ ಯುರೋಪಿಗೆ ಬಂದ ಮಗಳು ಬರ್ಲಿನ್ನಿನ ವಿಂಟರ್‌ಗಾರ್ಟನ್, ಮೆಟ್ರೊಪೋಲ್ ರಂಗಮಂದಿರಗಳಲ್ಲಿ ಗಿಟಾರ್ ಹಿಡಿದು ನಿಂತಳು; ಟೆಲೆಫುಂಕೆನ್ ಕಂಪನಿಗೆ ಹಾಡಿದಳು. 'ಲಾ ಪಲೋಮಾ' ಎಂಬ ಹಳೆಯ ಪಾರಿವಾಳದ ಹಾಡು, 'ರೋಟರ್ ಮೋನ್' ಎಂಬ ಕೆಂಪು ಗಸಗಸೆ ಹೂವಿನ ಹಾಡು ಮನೆಮನೆಯ ಮಾತಾದುವು. ಸಿನಿಮಾಗಳಲ್ಲಿಯೂ ಕಾಣಿಸಿಕೊಂಡಳು. ಜನ 'ಚಿಲಿಯ ಬುಲ್‌ಬುಲ್' ಎಂದು ಕರೆದರು. ಯುದ್ಧ ಬಂತು, ಬುಲ್‌ಬುಲ್ ಹಾಡುತ್ತಲೇ ಇತ್ತು. 1941ರ ಅಕ್ಟೋಬರಿನಿಂದ ಬರ್ಲಿನ್ನಿನ ಯೆಹೂದ್ಯರನ್ನು ಗ್ರೂನೆವಾಲ್ಡ್ ಸ್ಟೇಷನ್ನಿನಿಂದ ರೈಲು ತುಂಬಿ ಪೂರ್ವಕ್ಕೆ ಸಾಗಿಸತೊಡಗಿದರು. ಆಗಲೂ ಹಾಡುತ್ತಿತ್ತು.

ಇಲ್ಲಿಗೇ ಕಥೆ ಮುಗಿದಿದ್ದರೆ ತೀರ್ಪು ಸುಲಭ. ಆದರೆ 1943ರಲ್ಲಿ ಆಕೆ ಸ್ವೀಡನ್ನಿನಲ್ಲಿ ಸಂಚಾರದಲ್ಲಿದ್ದಾಗ ಒಂದು ಕಚೇರಿಯಿಂದ ಬಂದ ಹಣವನ್ನು ಯೆಹೂದ್ಯ ನಿರಾಶ್ರಿತರಿಗೆ ಕೊಟ್ಟುಬಿಟ್ಟಳು. ಏಳು ಸಾವಿರಕ್ಕೂ ಹೆಚ್ಚು ಜನ ಡೆನ್ಮಾರ್ಕಿನಿಂದ ಮೀನುಗಾರರ ದೋಣಿಗಳಲ್ಲಿ ಕಡಲು ದಾಟಿ ಸ್ವೀಡನ್ನಿನ ದಡ ಮುಟ್ಟಿದ ವರ್ಷ ಅದು. ಸುದ್ದಿ ಬರ್ಲಿನ್ನಿಗೆ ತಲುಪಿತು. ಗೂಢಚಾರಳೆಂಬ ಆರೋಪ ಬಂತು, ಸೆರೆಹಿಡಿಯಲು ಆಜ್ಞೆಯಾಯಿತು, ಹಾಡುಗಳು ನಿಷಿದ್ಧವಾದುವು. ಆಕೆ ಹಿಂದಿರುಗಲಿಲ್ಲ.

ಈಗ ಹೇಳಿ, ಈಕೆಯನ್ನು ಯಾವ ಸಾಲಿನಲ್ಲಿ ಕೂರಿಸೋಣ?

ನಾನು ಕನ್ನಡ ಪಾಠ ಹೇಳುವವನು. ನನ್ನ ತಕ್ಕಡಿ ಹಳಗನ್ನಡದ್ದು. ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ 'ಜೋಳವಾಳಿ' ಎಂಬ ಒಂದು ಮಾತುಂಟು. ಒಡೆಯ ಕೊಟ್ಟ ಜೋಳವನ್ನುಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟುಪಾಡು. ಪಂಪನ ಕರ್ಣ ಇದಕ್ಕೆ ನಿದರ್ಶನ. ತಾನು ಯಾರ ಮಗನೆಂಬುದು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಆ ಭಾಗವನ್ನು ಓದುವಾಗ ವರ್ಷ ವರ್ಷವೂ ನನ್ನ ಗಂಟಲು ಕಟ್ಟುತ್ತದೆ. ಹಾಗಾದರೆ ಬರ್ಲಿನ್ನಿನ ಜೋಳವನ್ನುಂಡ ಈಕೆ ಮಾಡಿದ್ದು ದ್ರೋಹವೆ? ಗೆಸ್ಟಪೋದವರ ಮತ ಅದೇ ಆಗಿತ್ತು. ಇಷ್ಟರಿಂದಲೇ ಜೋಳವಾಳಿಯಲ್ಲಿ ಎಲ್ಲೋ ಬಿರುಕಿದೆಯೆಂದು ಹೇಳಬಹುದು. ಕರ್ಣನುಂಡ ಜೋಳವನ್ನು ದುರ್ಯೋಧನನೇನೂ ಉತ್ತು ಬಿತ್ತಿ ಬೆಳೆದಿರಲಿಲ್ಲವಷ್ಟೆ. ಈಕೆಗೆ ಅನ್ನ ಕೊಟ್ಟವರು ಟಿಕೆಟ್ಟು ಕೊಂಡ ಬರ್ಲಿನ್ನಿನ ಗುಮಾಸ್ತರು, ಗೃಹಿಣಿಯರು, ರಜೆಯ ಮೇಲೆ ಬಂದ ಸಿಪಾಯಿಗಳು. ನಾಟ್ಸಿಗಳು ಅಧಿಕಾರಕ್ಕೆ ಬರುವ ಮೊದಲು ಇದೇ ರಂಗಗಳಿಗೆ ಟಿಕೆಟ್ಟು ಕೊಳ್ಳುತ್ತಿದ್ದವರಲ್ಲಿ ಯೆಹೂದ್ಯರೂ ಇದ್ದರು. ರಂಗದ ಮೇಲೆಯೂ ಇದ್ದರು. ಅವರನ್ನು ಹೊರಗಟ್ಟಿದ್ದರಿಂದ ತೆರವಾದ ಜಾಗಗಳುಳ್ಳ ರಂಗ ಈಕೆಗೆ ಸಿಕ್ಕಿತು. ಈ ಸಂಗತಿಯನ್ನು ನಾನು ಎಷ್ಟು ತಳ್ಳಿದರೂ ಅದು ಹಿಂದಕ್ಕೆ ಬಂದು ನಿಲ್ಲುತ್ತದೆ.

ಆ ಗಸಗಸೆ ಹೂವಿನ ಹಾಡನ್ನು ಬರೆದ ಬ್ರೂನೊ ಬಾಲ್ಟ್ಸ್ ಜರ್ಮನಿಯವನು. ಗಂಡಸರನ್ನು ಪ್ರೀತಿಸುವವನೆಂಬ ಕಾರಣಕ್ಕೆ 1941ರಲ್ಲಿ ಗೆಸ್ಟಪೋದವರು ಅವನನ್ನು ಹಿಡಿದೊಯ್ದರು. ಹಾಡಿಗೆ ರಾಗ ಕೂಡಿಸಿದ್ದ ಮಿಖಾಯೆಲ್ ಯಾರಿ ನಡುವೆ ಬಂದು ಬಿಡಿಸಿದ. ಅವನಿಗೆ ಓಡಿಹೋಗಲು ಊರೆಲ್ಲಿತ್ತು? ಅಂಥವನು ಪ್ರೇಮಗೀತೆ ಬರೆದುಕೊಂಡು ತಲೆ ಉಳಿಸಿಕೊಂಡರೆ ಅವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನಿಂದಾಗದು. ಆದರೆ ಸೆರಾನೊಳ ಕೈಯಲ್ಲಿ ಚಿಲಿಯ ಪಾಸ್‌ಪೋರ್ಟಿತ್ತು. ಯಾವ ದಿನ ಬೇಕಾದರೂ ಪೆಟ್ಟಿಗೆ ಕಟ್ಟಬಹುದಾಗಿತ್ತು. ಸ್ಪೇನಿನ ಪಾಬ್ಲೊ ಕಸಾಲ್ಸ್ ಹಿಟ್ಲರನ ಜರ್ಮನಿಯಲ್ಲಿ ಚೆಲ್ಲೋ ನುಡಿಸಲೊಲ್ಲೆನೆಂದ. ಜರ್ಮನಿಯಲ್ಲೇ ಹುಟ್ಟಿದ ಮಾರ್ಲೆನೆ ಡೀಟ್ರಿಖ್ ಎದುರು ಪಕ್ಷದ ಸೈನಿಕರಿಗೆ ಹಾಡಿದಳು. ಅದನ್ನು ನೆನಪಿಟ್ಟುಕೊಂಡು 1960ರಲ್ಲಿಯೂ ಅವಳ ಊರಿನವರೇ ಕೆಲವರು ಅವಳಿಗೆ ಧಿಕ್ಕಾರ ಕೂಗಿದರು. ಬಿಡುವುದು ಸಾಧ್ಯವಿದ್ದವರು ಬಿಡಲಿಲ್ಲವೆಂಬುದೇ ನನ್ನ ಆಕ್ಷೇಪಣೆ. ಉಳಿದಂತೆ, ಪ್ರೇಮದ ಹಾಡು ಯಾರನ್ನೂ ಕೊಲ್ಲುವುದಿಲ್ಲ ಎಂಬ ಸಮಾಧಾನ ನನಗೆ ಸಾಲದು. ಎಲ್ಲವೂ ಮೊದಲಿನಂತೆಯೇ ಇದೆಯೆಂದು ಜನ ನಂಬಬೇಕಾದರೆ ಸಂಜೆ ರೇಡಿಯೋದಲ್ಲಿ ಹೂವಿನ ಹಾಡು ಬರುತ್ತಿರಬೇಕು. ಈ ಉಪಯೋಗ ಗೋಬೆಲ್ಸನಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿಯವರೆಗೆ ಬರೆದು ಲೇಖನಿ ಕೆಳಗಿಟ್ಟೆ. ಎರಡು ದಿನ ಮುಂದುವರಿಯಲಾಗಲಿಲ್ಲ. ಕಾರಣವನ್ನು ಹೇಳಿಬಿಡುವುದೇ ಲೇಸು.

ಹನ್ನೆರಡು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಅರುವತ್ತು ತುಂಬಿತು. ಸನ್ಮಾನ ಸಮಾರಂಭ. ಬಿನ್ನವತ್ತಳೆಯನ್ನು ಬರೆದು ಓದುವ ಭಾಗ್ಯ ನನ್ನದು. ನನ್ನ ಕಂಠ ಚೆನ್ನಾಗಿದೆಯೆಂದು ಪ್ರತೀತಿ. ಅದರ ಹಿಂದಿನ ತಿಂಗಳಷ್ಟೆ, ಬಾಕಿ ಸಂಬಳ ಕೇಳಿದ ತಪ್ಪಿಗೆ ನಮ್ಮ ವಿಭಾಗದ ತರುಣ ಅಧ್ಯಾಪಕರೊಬ್ಬರನ್ನು ಅದೇ ಮಹನೀಯರು ಮನೆಗೆ ಕಳಿಸಿದ್ದರು. ಅವರ ಮೇಜು ನನ್ನ ಮೇಜಿನ ಪಕ್ಕದಲ್ಲೇ ಖಾಲಿಯಿತ್ತು. ನಾನು ಬಿನ್ನವತ್ತಳೆಯ ಕರಡನ್ನು ಬರೆದದ್ದು ಆ ಮೇಜಿನ ಮೇಲೆ, ಅಲ್ಲಿ ಬೆಳಕು ಹೆಚ್ಚೆಂದು. 'ವಿದ್ಯಾಪಕ್ಷಪಾತಿ', 'ಅಧ್ಯಾಪಕಬಂಧು' ಎಂಬ ವಿಶೇಷಣಗಳಿಗೆ ಬಿದ್ದ ಚಪ್ಪಾಳೆ ನನಗಿನ್ನೂ ನೆನಪಿದೆ. ನನಗೂ ಒಂದು ಶಾಲು ಹೊದಿಸಿದರು. ಆ ವಾರ ನಾಚಿಕೆಯಾಗಿ, ತರುಣರ ಮನೆಗೆ ಹೋಗಿ ಒಂದು ಲಕೋಟೆಯಲ್ಲಿ ಸ್ವಲ್ಪ ಹಣವಿಟ್ಟು ಬಂದೆ. ಅವರು ತೆಗೆದುಕೊಂಡರು. ಬಾಗಿಲವರೆಗೆ ಬಂದು, "ನಿಮ್ಮ ಓದು ಬಹಳ ಚೆನ್ನಾಗಿತ್ತಂತೆ ಸಾರ್" ಎಂದರು. ಅದರಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನನ್ನು ಯಾರೂ ಸೆರೆಗೆ ಹಾಕುತ್ತಿರಲಿಲ್ಲವೆಂಬುದನ್ನೂ ಸೇರಿಸಬೇಕು. ಗಂಟಲು ಕೆಟ್ಟಿದೆಯೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆದ್ದರಿಂದ ಸೆರಾನೊಳ ಆ ಕೊಡುಗೆಯನ್ನು ನಾನು ಲಘುವಾಗಿ ಕಾಣಲಾರೆ. ಸಿನಿಕರು ಹೇಳಬಹುದು: 1943ರ ಫೆಬ್ರವರಿಯಲ್ಲಿ ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ ಸೇನೆ ಶರಣಾಗಿತ್ತು, ಜನವರಿಯಲ್ಲೇ ಚಿಲಿ ಜರ್ಮನಿಯೊಡನೆ ಸಂಬಂಧ ಕಡಿದುಕೊಂಡಿತ್ತು, ಮುಳುಗುವ ಹಡಗಿನಿಂದ ಆಕೆ ಹಾರಿದಳು ಎಂದು. ಇರಬಹುದು. ಹಾರುವುದಷ್ಟೇ ಉದ್ದೇಶವಾಗಿದ್ದರೆ ಸ್ವೀಡನ್ನಿನಲ್ಲಿ ಸುಮ್ಮನೆ ಉಳಿದುಕೊಳ್ಳಬಹುದಾಗಿತ್ತು; ಕೈಯ ಹಣವನ್ನು, ಅದೂ ಆ ಜನರಿಗೆ, ಕೊಡಬೇಕಾಗಿರಲಿಲ್ಲ. ನನ್ನ ಲಕೋಟೆಯಿಂದ ನನಗೆ ಯಾವ ನಷ್ಟವೂ ಆಗಲಿಲ್ಲ. ಆಕೆಯದು ಆಕೆಗೆ ಬರ್ಲಿನ್ನನ್ನು ಕಳೆಯಿತು.

ಆದರೂ ಅದು ಹಿಂದಿನ ವರ್ಷಗಳನ್ನು ತೊಳೆಯಿತೆಂದು ಹೇಳಲು ನನಗೆ ನಾಲಗೆ ಬಾರದು. ತೊಳೆಯುವ ಅಧಿಕಾರವಿದ್ದವರು ಗ್ರೂನೆವಾಲ್ಡಿನಿಂದ ರೈಲು ಹತ್ತಿದವರು. ಅವರನ್ನು ಕೇಳುವಂತಿಲ್ಲ.

ಯುದ್ಧಾನಂತರ ಆಕೆಯ ಅದೃಷ್ಟ ಚಿಗುರಲಿಲ್ಲ. ಅಮೆರಿಕದಲ್ಲಿ ಹಾಡಿದಳು, ಹೆಚ್ಚಿಗೆ ನಡೆಯಲಿಲ್ಲ. 1950ರ ದಶಕದಲ್ಲಿ ಜರ್ಮನಿಗೆ ಮರಳಿ ಬಂದು ಹಾಡಿದಳು, ಚಿತ್ರದಲ್ಲಿಯೂ ನಟಿಸಿದಳು. ಹಳೆಯ ದಿನಗಳು ಬರಲಿಲ್ಲ. ಕೊನೆಗೆ ಚಿಲಿಯಲ್ಲಿ ಬಡತನದಲ್ಲಿದ್ದು 1997ರ ಏಪ್ರಿಲಿನಲ್ಲಿ ಸಾಂತಿಯಾಗೊದಲ್ಲಿ ತೀರಿಕೊಂಡಳು.

ಮೊನ್ನೆ ಭಾನುವಾರ ಮತ್ತೆ ಮಿತ್ರರ ಮನೆಗೆ ಹೋಗಿದ್ದೆ. ಇದನ್ನೆಲ್ಲ ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ತಟ್ಟೆಯನ್ನು ಏನು ಮಾಡೋಣ ಅನ್ನುತ್ತೀರಿ?" ಎಂದು ಕೇಳಿದರು. ಹಾಕಿ ಎಂದೆ. ಅವರು ಮುಳ್ಳನ್ನು ಬದಲಾಯಿಸಿ, ತಟ್ಟೆಯ ಧೂಳೊರೆಸಿ ಹಾಕಿದರು.