ಬ್ಯಾಟರಿಯ ಮೇಲಿನ ಆರೋಪ

ಕ್ಯಾಂಪರ್ ವ್ಯಾನಿನಲ್ಲಿ ರಾತ್ರಿ ಫ್ರಿಜ್ ನಿಂತುಹೋಯಿತು ಅಂದರೆ ಮೊದಲ ಆರೋಪಿ ಬ್ಯಾಟರಿ. "ಬ್ಯಾಟರಿ ಹೋಗಿದೆ ಕಣೋ, ಹೊಸದು ಹಾಕ್ಸು" ಅನ್ನೋಕೆ ಮೀಟರೂ ಬೇಕಿಲ್ಲ, ವಿದ್ಯೆಯೂ ಬೇಕಿಲ್ಲ. ತೊಂದರೆ ಎಲ್ಲಿ ಕಾಣಿಸಿತೋ ಅಲ್ಲೇ ತಪ್ಪಿತಸ್ಥ ಇದ್ದಾನೆ ಅಂತ ನಮ್ಮ ಲೆಕ್ಕ.

ನನ್ನ ಗೆಳೆಯನೊಬ್ಬ ಬೆಂಗಳೂರಲ್ಲಿ ಹಳೇ ವ್ಯಾನೊಂದನ್ನು ಹಾಸಿಗೆ, ಪುಟ್ಟ ಫ್ರಿಜ್, ನಾಲ್ಕು ಲೈಟು ಹಾಕಿ ಮನೆ ಮಾಡಿಕೊಂಡಿದ್ದಾನೆ. ಗಾಡಿ ಸ್ಟಾರ್ಟ್ ಮಾಡೋಕೆ ಮುಂದೆ ಒಂದು ಬ್ಯಾಟರಿ, ಈ ಸಂಸಾರಕ್ಕೆ ಹಿಂದೆ ಇನ್ನೊಂದು 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಎರಡನ್ನೂ ಚಾರ್ಜ್ ಮಾಡಬೇಕು. ಎರಡು ವರ್ಷದಲ್ಲಿ ಹಿಂದಿನ ಬ್ಯಾಟರಿ ಎರಡು ಸಲ ಬದಲಾಯಿತು. ಮೂರನೇ ಸಲದ ಹೊತ್ತಿಗೆ ನಾನು ಮಲ್ಟಿಮೀಟರ್ ಹಿಡಿದುಕೊಂಡು ಹೋದೆ.

ಎಂಜಿನ್ ಓಡ್ತಿದ್ದಾಗ ಮುಂದಿನ ಬ್ಯಾಟರಿ ಹತ್ತಿರ 14.4 ವೋಲ್ಟ್. ಹಿಂದಿನ ಬ್ಯಾಟರಿ ಹತ್ತಿರ 13.5. ನಡುವೆ 0.9 ವೋಲ್ಟ್ ಮಾಯ. ಕಾರಣ, ಉದ್ದಕ್ಕೆ ಎಳೆದ ಸಣಕಲು ವೈರು, ಜೊತೆಗೆ ತುಕ್ಕು ಹಿಡಿದ ಅರ್ಥ್ ಬೋಲ್ಟು. ಎರಡೂ ಸೇರಿ ತಡೆ ಬರೀ 0.03 ಓಮ್ ಇದ್ದರೂ, 30 ಆಂಪ್ ಹರಿಯುವಾಗ ಅಷ್ಟು ವೋಲ್ಟೇಜ್ ನುಂಗೋಕೆ ಸಾಕು. ಮಜಾ ಏನಂದ್ರೆ, ಕರೆಂಟ್ ಹರಿಯದೇ ಇದ್ದಾಗ ಅದೇ ವೈರು ಎರಡೂ ತುದಿಯಲ್ಲಿ ಪೂರ್ತಿ 14.4 ತೋರಿಸುತ್ತೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲರೂ ನಿರಪರಾಧಿಗಳು. ಇಡೀ ದಿನ ಓಡಿಸಿದ್ದರೆ ಬ್ಯಾಟರಿ ಹೇಗೋ ತುಂಬುತ್ತಿತ್ತೇನೋ, ಆದರೆ ಇವನ ಪಯಣ ಎರಡು ಮೂರು ಗಂಟೆಯದು.

ಇಲ್ಲಿವರೆಗೆ ಇದು ವೈರಿಂಗ್ ಕತೆ. ನನ್ನನ್ನು ಕಾಡಿದ್ದು ಮುಂದಿನದು.

ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಂಬರ್ಧ ತುಂಬಿಸಿ ವಾರಗಟ್ಟಲೆ ಹಾಗೇ ಬಿಟ್ಟರೆ, ಪ್ಲೇಟುಗಳ ಮೇಲೆ ಕೂತ ಲೆಡ್ ಸಲ್ಫೇಟ್ ಗಟ್ಟಿ ಹರಳಾಗುತ್ತೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಪೂರ್ತಿ ಕರಗಲ್ಲ, ಬ್ಯಾಟರಿ ಮೊದಲಿನಷ್ಟು ಹಿಡಿಯಲ್ಲ. ಅಂದರೆ ಮೊದಲ ದಿನ ಸುಳ್ಳಾಗಿದ್ದ ಆರೋಪ ಕೆಲವು ತಿಂಗಳಲ್ಲಿ ನಿಜವಾಗುತ್ತೆ. ಅಂಗಡಿಯವರು ಲೋಡ್ ಟೆಸ್ಟ್ ಮಾಡಿ "ಸತ್ತಿದೆ ಸಾರ್" ಅಂದಾಗ ಅವರು ಮೋಸ ಮಾಡ್ತಿಲ್ಲ. ಆ ಟೆಸ್ಟು ಈಗ ಹೇಗಿದೆ ಅನ್ನೋದನ್ನು ಹೇಳುತ್ತೆ. ಯಾಕೆ ಹೀಗಾಯ್ತು ಅಂತ ಅದನ್ನು ಯಾರೂ ಕೇಳಿಲ್ಲ. ನಾವು ಮಾತ್ರ ಮೊದಲನೆಯದರ ಉತ್ತರವನ್ನೇ ಎರಡನೆಯದಕ್ಕೂ ಬರೆದುಕೊಂಡು ಬರ್ತೀವಿ.

ನಮ್ಮ ಆಫೀಸುಗಳ ಅಪ್ರೈಸಲ್ ನೆನಪಾಗುತ್ತೆ. ಹೊಸಬನೊಬ್ಬ ಬರ್ತಾನೆ. ಸರಿಯಾಗಿ ಕೆಲಸ ಹೇಳಿಕೊಡೋಕೆ ಯಾರಿಗೂ ಪುರುಸೊತ್ತಿಲ್ಲ. ಮೊದಲ ರಿಲೀಸ್‌ನಲ್ಲಿ ಎಡವಿದ, "ಸ್ವಲ್ಪ ವೀಕು" ಅಂತ ಹೆಸರು ಬಂತು. ವೀಕು ಅಂತ ಚಿಲ್ಲರೆ ಕೆಲಸ ಕೊಟ್ಟರು. ವರ್ಷ ಕಳೆಯೋ ಹೊತ್ತಿಗೆ ಅವನಿಗೆ ನಿಜವಾಗಿಯೂ ದೊಡ್ಡ ಕೆಲಸ ಬರಲ್ಲ. ರೇಟಿಂಗ್ ಕಮ್ಮಿ ಬಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಅವನ ಜಾಗಕ್ಕೆ ಬಂದವನೂ ಅದೇ ಸಣಕಲು ವೈರಿನ ಅದೇ ತುದಿಯಲ್ಲಿ ಕೂರ್ತಾನೆ.

ಇದನ್ನ ಹೇಳಿದಾಗ ಗೆಳೆಯ ಒಪ್ಪಲಿಲ್ಲ. ಅವನೂ ಒಂದು ಟೀಮಿನ ಮ್ಯಾನೇಜರು. "ವೈರು ಬದಲಾಯಿಸಿದೆ ಸರಿ, ಬ್ಯಾಟರೀನೂ ಬದಲಾಯಿಸಲೇಬೇಕಾಯ್ತಲ್ಲ? ಸತ್ತಿದ್ದು ಎದ್ದು ಬರಲಿಲ್ಲ. ಕೆಟ್ಟ ಬ್ಯಾಟರೀನ ಒಳ್ಳೇದರ ಜೊತೆ ಕಟ್ಟಿದರೆ ಒಳ್ಳೇದನ್ನೂ ಎಳೆದು ಹಾಕುತ್ತೆ. ಪಾಪ ಅಂತ ಇಟ್ಕೊಂಡರೆ ಉಳಿದವರು ಅವನ ಕೆಲಸಾನೂ ಹೊರಬೇಕು. ಅದು ನ್ಯಾಯಾನಾ?"

ನನಗೆ ಇದು ಪೊಳ್ಳು ವಾದ ಅನ್ನಿಸಲ್ಲ. ಕಾರಣ ಗೊತ್ತಾದ ಮಾತ್ರಕ್ಕೆ ಹರಳು ಕರಗಲ್ಲ. ಆದರೆ ಬ್ಯಾಟರಿಗೆ ನಾವು ಯಾವ ಋಣದಲ್ಲೂ ಇಲ್ಲ, ಎಕ್ಸ್‌ಚೇಂಜಿಗೆ ಕೊಟ್ಟು ಮರೆಯಬಹುದು. ಮನುಷ್ಯನ ವಿಷಯದಲ್ಲಿ, ಅವನನ್ನು ಇಟ್ಟುಕೊಳ್ಳೋದಾ ಬಿಡೋದಾ ಅನ್ನೋದು ಆಮೇಲಿನ ಮಾತು. ಬಿಡೋದೇ ಆದರೂ ಅವನ ಫೈಲಿನಲ್ಲಿ 13.5 ಅನ್ನೋ ಅಂಕಿಯೂ ಇರಬೇಕು. ಬರೀ "ಸತ್ತಿದೆ" ಅಂತ ಬರೆದು ಕಳಿಸಿದರೆ ಮುಂದಿನ ಕಂಪನಿಯವರೂ ಅದನ್ನೇ ಓದ್ತಾರೆ, ಮನೆಯಲ್ಲಿ ರಾತ್ರಿ ನಿದ್ದೆ ಬರದೆ ಅವನೂ ಅದನ್ನೇ ಓದ್ಕೋತಾನೆ.

"ಆ ಅಂಕಿ ಬರೆದರೆ ನನ್ನ ಅಪ್ರೈಸಲ್ ಏನಾಗುತ್ತೆ ಗೊತ್ತಾ?" ಅಂದ ಗೆಳೆಯ.