ವೈದ್ಯಾಭ್ಯಾಸವೂ ರೋಗಿಯ ಋಣವೂ

ನೀರಿಗಿಳಿಯದೆ ಈಜು ಬಾರದೆಂಬುದು ಲೋಕಾನುಭವದ ಮಾತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಬಾರದೆಂಬುದೂ ಅದೇ ಲೋಕದ ಎಚ್ಚರಿಕೆ. ಈ ಎರಡು ಮಾತುಗಳೂ ಏಕಕಾಲದಲ್ಲಿ ಸತ್ಯವಾಗಿ ನಿಲ್ಲುವ ವಿದ್ಯೆಯೊಂದುಂಟು, ಅದು ವೈದ್ಯವಿದ್ಯೆ. ಕೈಪಳಗದವನು ವೈದ್ಯನಾಗಲಾರನು, ಕೈಪಳಗಬೇಕಾದರೆ ಯಾರದಾದರೊಂದು ದೇಹವು ಬೇಕು. ಆ ದೇಹವು ಯಾರದಾಗಿರತಕ್ಕದ್ದು? ಈ ಪ್ರಶ್ನೆಯು ಕೇವಲ ವೈದ್ಯಶಾಸ್ತ್ರದ್ದಲ್ಲ, ನೀತಿಶಾಸ್ತ್ರದ್ದು.

ರಾಯಚೂರು ತಾಲೂಕಿನ ಯಾಪಲದಿನ್ನಿಯಂತಹ ಗ್ರಾಮದ ಒಬ್ಬ ಕೂಲಿಯವನನ್ನು ಮನಸ್ಸಿಗೆ ತಂದುಕೊಳ್ಳೋಣ. ವ್ಯಾಧಿಯು ಮೈಮೀರಿದಾಗ ಅವನು ರಾಯಚೂರಿನ ದೊಡ್ಡಾಸ್ಪತ್ರೆಗೆ ಬರುತ್ತಾನೆ. 2007ರಲ್ಲಿ ಅಲ್ಲಿ ಸರ್ಕಾರದ ವೈದ್ಯವಿಜ್ಞಾನ ಸಂಸ್ಥೆಯು ಸ್ಥಾಪಿತವಾದುದು ಜಿಲ್ಲೆಯ ಭಾಗ್ಯವೇ ಸರಿ. ಆದರೆ ವೈದ್ಯರನ್ನು ತಯಾರಿಸುವ ಆಸ್ಪತ್ರೆ ಯಾವುದಾದರೂ ಅಲ್ಲಿ ನುರಿತ ಕೈಗಳ ಜೊತೆಗೆ ಕಲಿಯುವ ಕೈಗಳೂ ಇರಲೇಬೇಕು. ಹಣವುಳ್ಳವನು ನುರಿತ ಕೈಯನ್ನು ಆರಿಸಿಕೊಳ್ಳಬಲ್ಲನು. ಇಲ್ಲದವನಿಗೆ ಆ ಆಯ್ಕೆಯಿಲ್ಲ. ಹೀಗೆ ಬಡವನ ಮೈಯೇ ಪಾಠಶಾಲೆಯಾಗಿ, ಪಾಠದ ಫಲವು ಎಲ್ಲರಿಗೂ ಸಲ್ಲುವುದು ಎಲ್ಲ ದೇಶಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ರೂಢಿ. ಸತ್ತ ಮೇಲೂ ಇದು ತಪ್ಪಲಿಲ್ಲ. ನಮ್ಮ ರಾಜ್ಯದ 1957ರ ಅಂಗರಚನಾಶಾಸ್ತ್ರದ ಕಾನೂನು ವಾರಸುದಾರರಿಲ್ಲದ ಶವಗಳನ್ನು ವೈದ್ಯಶಾಲೆಗಳಿಗೆ ಒಪ್ಪಿಸಲು ಅವಕಾಶವಿತ್ತಿತು. ಅಂತಹವರು ಬಹುಮಟ್ಟಿಗೆ ಯಾವ ವರ್ಗದವರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ನಮ್ಮ ಪೂರ್ವಿಕರು ಈ ಸಂಕಟವನ್ನು ಅರಿಯದವರಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವೇ ಉಂಟು. ಯೋಗ್ಯಾ ಎಂದರೆ ಅಭ್ಯಾಸ. ಛೇದನವನ್ನು ಬೂದುಗುಂಬಳ, ಸೋರೆ, ಸೌತೆಗಳ ಮೇಲೂ, ಭೇದನವನ್ನು ಕೆಸರುನೀರು ತುಂಬಿದ ತೊಗಲಚೀಲದ ಮೇಲೂ, ಹೊಲಿಗೆಯನ್ನು ದಪ್ಪ ಬಟ್ಟೆ ಮತ್ತು ಮೃದುವಾದ ತೊಗಲಿನ ಮೇಲೂ, ಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಅಂಗಾಂಗಗಳ ಮೇಲೂ ಕಲಿಯತಕ್ಕದ್ದೆಂದು ಅಲ್ಲಿ ವಿಧಿಸಿದೆ. ಎಷ್ಟು ಶಾಸ್ತ್ರವನ್ನು ಓದಿದವನಾದರೂ ಅಭ್ಯಾಸವಿಲ್ಲದವನು ಕರ್ಮಕ್ಕೆ ಅನರ್ಹನೆಂಬುದು ಆ ಅಧ್ಯಾಯದ ಅಭಿಪ್ರಾಯ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಂ ದು ಕೂದ್ರೇ ಎಂಬ ಸೂಲಗಿತ್ತಿಯು 1759ರಲ್ಲಿ ಅರಸನ ಅನುಜ್ಞೆ ಪಡೆದು, ಬಟ್ಟೆಯ ಗರ್ಭಾಶಯವನ್ನೂ ಬಟ್ಟೆಯ ಕೂಸನ್ನೂ ಹೊತ್ತು ಪ್ರಾಂತಪ್ರಾಂತಗಳಲ್ಲಿ ಹಳ್ಳಿಯ ಹೆಂಗಸರಿಗೆ ಹೆರಿಗೆಯ ವಿದ್ಯೆಯನ್ನು ಕಲಿಸಿದಳು. 1960ರಲ್ಲಿ ನಾರ್ವೆಯ ಆಟಿಕೆಗಾರ ಲೇರ್ಡಾಲನು, ನಿಂತ ಉಸಿರನ್ನು ಮರಳಿ ತರುವ ಕ್ರಮವನ್ನು ಕಲಿಸುವ ಗೊಂಬೆಯನ್ನು ನಿರ್ಮಿಸಿದನು. ಅದರ ಮುಖವು ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಕಥೆಯಾಗಿರುವ ಒಬ್ಬ ಅನಾಮಿಕ ತರುಣಿಯದು. ಗೊಂಬೆಯ ಮುಖಕ್ಕೂ ವಾರಸುದಾರರಿಲ್ಲದವಳೇ ಒದಗಬೇಕಾಯಿತು! 2019ರಲ್ಲಿ ಭಾರತದಲ್ಲಿ ಜಾರಿಗೆ ಬಂದ ಹೊಸ ವೈದ್ಯಪಠ್ಯಕ್ರಮವು ಇಂತಹ ಸಾಧನಗಳುಳ್ಳ ಕೌಶಲಾಭ್ಯಾಸ ಶಾಲೆಗೆ ಪಾಠದಲ್ಲಿ ಸ್ಥಾನ ಕೊಟ್ಟಿತು. ರಬ್ಬರಿನ ತೋಳಿನಲ್ಲಿ ನರ ಹುಡುಕುವುದು, ಗೊಂಬೆಯ ಎದೆಯನ್ನು ಐದು ಸೆಂಟಿಮೀಟರಿಗೆ ಕಡಮೆಯಾಗದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು, ಇವೆಲ್ಲವೂ ಅಂತಹ ಶಾಲೆಯ ಪಾಠಗಳು. ನೂರು ಸಲ ತಪ್ಪಿದರೂ ಅಲ್ಲಿ ಯಾರಿಗೂ ನೋವಿಲ್ಲ.

ಹಾಗಾದರೆ ಪ್ರಶ್ನೆಯು ಪರಿಹಾರವಾಯಿತೆ? ಇಲ್ಲ. ಗೊಂಬೆಯು ಕೈಗೆ ಕಲಿಸುತ್ತದೆ. ಅದು ಹೆದರುವುದಿಲ್ಲ, ತೋಳನ್ನು ಹಿಂದಕ್ಕೆಳೆಯುವುದಿಲ್ಲ. ಎಷ್ಟು ಅಭ್ಯಾಸವಾದರೂ ಮೊದಲನೆಯ ಜೀವಂತ ತೋಳೊಂದು ಇದ್ದೇ ಇರುವುದು. ಗೊಂಬೆಯು ಆ ರೋಗಿಯ ನೋವನ್ನು ತಗ್ಗಿಸಬಲ್ಲದಲ್ಲದೆ, ಅವನ ಋಣವನ್ನು ತೀರಿಸಲಾರದು. ಆದಕಾರಣ ವಿದ್ಯಾರ್ಥಿಯು, ಗುರುವು ಪಕ್ಕದಲ್ಲಿರಲು, ತಾನಿನ್ನೂ ಕಲಿಯುವವನೆಂಬುದನ್ನು ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿ ಅನುಮತಿಯನ್ನು ಬೇಡತಕ್ಕದ್ದು. ಹಾಗೆ ಕೇಳಿದರೆ ಯಾರು ಒಪ್ಪಿಯಾರು ಎಂದು ಕೆಲವರು ಆಕ್ಷೇಪಿಸಬಹುದು. ಒಪ್ಪದಿರುವ ಹಕ್ಕು ಅವನಿಗುಂಟು. ಆದರೆ ಮನುಷ್ಯನು ಕೊಡುವುದಕ್ಕೆ ಅಂಜುವುದಕ್ಕಿಂತ, ತನ್ನಿಂದ ಕೇಳದೆ ಕಸಿದುಕೊಳ್ಳುವುದಕ್ಕೆ ಹೆಚ್ಚು ಅಂಜುತ್ತಾನೆ. ಕೇಳದೆ ತೆಗೆದುಕೊಂಡರೆ ಅವನು ಸಾಧನ. ಕೇಳಿ ಪಡೆದರೆ ದಾನಿ.

ಇನ್ನೊಂದು ಮಾತು. ಈ ದಾನವನ್ನು ಬಡವನೊಬ್ಬನೇ ಮಾಡಬೇಕೆಂಬ ನ್ಯಾಯವೆಲ್ಲಿಯದು? ಈ ಪುಟಗಳನ್ನೋದುವ ಗೃಹಸ್ಥರಾದ ನಮ್ಮೆಲ್ಲರ ಮನೆಗೆ ನುರಿತ ವೈದ್ಯನೇ ಬೇಕು. ಅವನು ನುರಿತದ್ದು ಯಾರ ಮೈಮೇಲೆ ಎಂದು ನಾವು ವಿಚಾರಿಸುವುದಿಲ್ಲ. ಎಳೆಯ ವೈದ್ಯನೊಬ್ಬನು ಎಂದಾದರೂ ಸೂಜಿಯನ್ನು ಹಿಡಿದು ನಮ್ರತೆಯಿಂದ ನಮ್ಮ ಮುಂದೆ ನಿಂತಾಗ, ಹಿರಿಯರನ್ನು ಕಳುಹಿಸೆಂದು ಗದರದೆ ನಮ್ಮ ತೋಳನ್ನು ಚಾಚುವೆವೆ? ಆ ದಿನ ಯಾಪಲದಿನ್ನಿಯ ಕೂಲಿಯವನ ಹೊರೆಯಲ್ಲಿ ನಮ್ಮ ಪಾಲೂ ಸಲ್ಲುವುದು.